ಸರ್ಕಾರಿ ಕಲಾ ಶಾಲೆಯಿಂದ ಊರಿಗೇನು ಸಿಗುತ್ತದೆ? ನ್ಯೂ ಆರ್ಲಿಯನ್ಸ್‌ನ ನೋಕಾ ಕಥೆ

[ದೃಶ್ಯ: ಮಿಸಿಸಿಪ್ಪಿ ನದಿ, ಪಕ್ಕದಲ್ಲಿ ರೈಲು ಹಳಿ, ಇಟ್ಟಿಗೆ ಕಟ್ಟಡಗಳು]

ನಮಸ್ಕಾರ. ಅಮೆರಿಕದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್, ಜಾಝ್ ಸಂಗೀತ ಹುಟ್ಟಿದ ಊರು. ಅಲ್ಲಿನ ಪ್ರೆಸ್ ಸ್ಟ್ರೀಟ್‌ನಲ್ಲಿ 1892ರಲ್ಲಿ ಹೋಮರ್ ಪ್ಲೆಸ್ಸಿ ಎಂಬುವರನ್ನು ಬಂಧಿಸಲಾಯಿತು. ಮಾಡಿದ ತಪ್ಪು? ಬಿಳಿಯರಿಗೆ ಮೀಸಲಿದ್ದ ರೈಲು ಬೋಗಿಯಲ್ಲಿ ಕೂತಿದ್ದರು. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು, 1896ರಲ್ಲಿ ಪ್ಲೆಸ್ಸಿ ಸೋತರು. ಕಪ್ಪು ಜನರಿಗೊಂದು ಶಾಲೆ, ಬಿಳಿಯರಿಗೊಂದು ಶಾಲೆ ಎಂಬ ಪದ್ಧತಿಗೆ ಆ ತೀರ್ಪು ಅರ್ಧ ಶತಮಾನಕ್ಕೂ ಜಾಸ್ತಿ ಕಾಲ ಬಲ ಕೊಟ್ಟಿತು.

ಇವತ್ತು ಅದೇ ಪ್ರೆಸ್ ಸ್ಟ್ರೀಟ್ ಪಕ್ಕದಲ್ಲಿ ಒಂದು ಸರ್ಕಾರಿ ಕಲಾ ಶಾಲೆ ಇದೆ. ಹೆಸರು ನ್ಯೂ ಆರ್ಲಿಯನ್ಸ್ ಸೆಂಟರ್ ಫಾರ್ ಕ್ರಿಯೇಟಿವ್ ಆರ್ಟ್ಸ್. ಊರಿನವರ ಬಾಯಲ್ಲಿ ನೋಕಾ. ಸಂಗೀತ, ನೃತ್ಯ, ನಾಟಕ, ಚಿತ್ರಕಲೆ, ಬರವಣಿಗೆ, ಈಚೆಗೆ ಅಡುಗೆ ಕೂಡ ಕಲಿಸುತ್ತಾರೆ. ಲೂಸಿಯಾನಾದ ಮಕ್ಕಳಿಗೆ ಬೋಧನಾ ಶುಲ್ಕ ಇಲ್ಲ. ಆಡಿಷನ್‌ನಲ್ಲಿ ಆಯ್ಕೆಯಾಗಬೇಕು, ಅಷ್ಟೇ.

[ತೆರೆಯ ಮೇಲೆ: 1973]

ನೋಕಾ ಶುರುವಾದದ್ದು 1973ರಲ್ಲಿ, ಊರಿನ ಇನ್ನೊಂದು ಭಾಗದ ಹಳೆಯ ಶಾಲಾ ಕಟ್ಟಡವೊಂದರಲ್ಲಿ. ಅದಕ್ಕೆ 13 ವರ್ಷ ಹಿಂದೆ, 1960ರಲ್ಲಿ, ರೂಬಿ ಬ್ರಿಡ್ಜಸ್ ಎಂಬ 6 ವರ್ಷದ ಕಪ್ಪು ಹುಡುಗಿ ಇದೇ ಊರಿನ ಬಿಳಿಯರ ಶಾಲೆಗೆ ಸರ್ಕಾರಿ ಮಾರ್ಷಲ್‌ಗಳ ಕಾವಲಿನಲ್ಲಿ ಹೋಗಬೇಕಾಗಿತ್ತು. ಆ ಗಾಯ ಇನ್ನೂ ಹಸಿಯಾಗಿದ್ದ ಊರು ಅದು.

ಅಂಥ ಊರಿನಲ್ಲಿ ನೋಕಾ ಒಂದು ಸರಳ ವ್ಯವಸ್ಥೆ ಮಾಡಿತು. ಮಕ್ಕಳು ಅರ್ಧ ದಿನ ತಮ್ಮ ತಮ್ಮ ಶಾಲೆಯಲ್ಲಿ ಗಣಿತ, ವಿಜ್ಞಾನ ಓದುತ್ತಾರೆ. ಉಳಿದರ್ಧ ದಿನ ಇಲ್ಲಿಗೆ ಬರುತ್ತಾರೆ. ಇಡೀ ದಿನದ ವ್ಯಾಸಂಗ ಬಂದದ್ದು 2011ರಲ್ಲಿ. ಅರ್ಧ ದಿನ ಅಂದರೆ ಸುಮ್ನೆ ಸಮಯದ ಹೊಂದಾಣಿಕೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಬೇರೆ ಬೇರೆ ಬಡಾವಣೆ, ಬೇರೆ ಬೇರೆ ಶಾಲೆ, ಬೇರೆ ಬೇರೆ ಬಣ್ಣದ ಮಕ್ಕಳು ದಿನಾ ಒಂದೇ ಕೋಣೆಯಲ್ಲಿ ಸೇರುತ್ತಿದ್ದರು. ಜೊತೆಯಲ್ಲಿ ನುಡಿಸಬೇಕು ಅಂದರೆ ಪಕ್ಕದವನನ್ನು ಕಿವಿಗೊಟ್ಟು ಕೇಳಲೇಬೇಕು, ಅಲ್ವಾ?

[ದೃಶ್ಯ: ಪಿಯಾನೋ ಮೇಲೆ ಕೈಗಳು]

ಈಗ ಒಬ್ಬ ಮೇಷ್ಟ್ರ ಬಗ್ಗೆ ಹೇಳಲೇಬೇಕು. ಎಲ್ಲಿಸ್ ಮಾರ್ಸಾಲಿಸ್. ಒಳ್ಳೆಯ ಪಿಯಾನೋ ವಾದಕರು, ಮನೆಯಲ್ಲಿ 6 ಗಂಡುಮಕ್ಕಳು. ಅವರಿಗೆ ಇಷ್ಟವಾದದ್ದು ಆಧುನಿಕ ಜಾಝ್. ಪ್ರವಾಸಿಗಳು ಕೇಳಿಕೊಂಡು ಬರುತ್ತಿದ್ದದ್ದು ಹಳೆಯ ಶೈಲಿಯ ಜಾಝ್. ರಾತ್ರಿ ಕಛೇರಿಗಳನ್ನೇ ನಂಬಿ ಅಷ್ಟು ದೊಡ್ಡ ಸಂಸಾರ ಸಾಗಿಸುವುದು ಕಷ್ಟ. 1974ರಲ್ಲಿ ಅವರು ನೋಕಾದಲ್ಲಿ ಕಲಿಸಲು ಬಂದರು, 1986ರವರೆಗೆ ಅಲ್ಲೇ ಇದ್ದರು.

ಆ 12 ವರ್ಷದಲ್ಲಿ ಆ ಕೋಣೆಯಲ್ಲಿ ಕೂತು, ಮುಂದೆ ಹೆಸರಾಂತ ಸಂಗೀತಗಾರರಾದವರನ್ನು ನೋಡಿ. ಅವರದೇ ಮಕ್ಕಳಾದ ಬ್ರಾನ್‌ಫರ್ಡ್ ಮತ್ತು ವಿಂಟನ್. ಟೆರೆನ್ಸ್ ಬ್ಲಾಂಚರ್ಡ್. ಡೊನಾಲ್ಡ್ ಹ್ಯಾರಿಸನ್. ಊರಿನ ಜಿಲ್ಲಾ ಸರ್ಕಾರಿ ವಕೀಲರ ಮಗ, ಬಿಳಿಯ ಹುಡುಗ ಹ್ಯಾರಿ ಕಾನಿಕ್ ಜೂನಿಯರ್. ವಿಂಟನ್ 1997ರಲ್ಲಿ ಜಾಝ್ ಕೃತಿಯೊಂದಕ್ಕೆ ಪುಲಿಟ್ಜರ್ ಪಡೆದರು. ಜಾಝ್‌ಗೆ ಆ ಸಂಗೀತ ಪ್ರಶಸ್ತಿ ಬಂದದ್ದು ಅದೇ ಮೊದಲು. ಬ್ಲಾಂಚರ್ಡ್ ಅವರ ಒಪೆರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕ, 2021ರಲ್ಲಿ ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಒಪೆರಾದಲ್ಲಿ ನಡೆಯಿತು. ಆ ವೇದಿಕೆ ಕಪ್ಪು ಸಂಗೀತಗಾರರೊಬ್ಬರ ಒಪೆರಾ ಹಾಕಲು 138 ವರ್ಷ ತೆಗೆದುಕೊಂಡಿತ್ತು!

ಆದರೆ ನನಗೆ ಹೆಸರುಗಳಿಗಿಂತ ಮುಖ್ಯ ಅನ್ನಿಸುವುದು ಆ ಸಂಬಳ. ತಿಂಗಳು ತಿಂಗಳು ಸರಿಯಾಗಿ ಬರುವ ಸರ್ಕಾರಿ ಸಂಬಳ ಒಬ್ಬ ಗುರುವನ್ನು ಊರಿನಲ್ಲಿ ಉಳಿಸಿತು. ನ್ಯೂ ಆರ್ಲಿಯನ್ಸ್‌ನಲ್ಲಿ ಸಂಗೀತ ಮನೆಯಿಂದ, ಚರ್ಚ್‌ನಿಂದ, ಬೀದಿಯ ಬ್ರಾಸ್ ಬ್ಯಾಂಡ್‌ಗಳಿಂದ ಹರಿದು ಬರುತ್ತದೆ. ಸಂಗೀತದ ಮನೆತನ ಇಲ್ಲದ ಮಗು ಏನು ಮಾಡಬೇಕು? ಅಂಥ ಮಗುವಿಗೂ ನೋಕಾದಲ್ಲಿ ಒಬ್ಬ ಎಲ್ಲಿಸ್ ಸಿಗಬಹುದಿತ್ತು.

[ದೃಶ್ಯ: ಪ್ರವಾಹದಲ್ಲಿ ಮುಳುಗಿದ ಬೀದಿಗಳು]

ಒಂದು ಪ್ರಶ್ನೆ ಯಾವಾಗಲೂ ಬರುತ್ತದೆ. ಜನರ ತೆರಿಗೆ ದುಡ್ಡಲ್ಲಿ ಕಲಿಸುತ್ತೇವೆ, ಮಕ್ಕಳು ಕಲಿತು ನ್ಯೂಯಾರ್ಕ್‌ಗೆ ಹೋಗುತ್ತಾರೆ. ವಿಂಟನ್ ಹೋದರು, ಹ್ಯಾರಿ ಹೋದರು. ಊರಿಗೇನು ಬಂತು?

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿತು. ನೀರು ತಡೆಯುವ ಒಡ್ಡುಗಳು ಒಡೆದವು. ಊರಿನ ಸುಮಾರು ಶೇಕಡಾ 80 ಭಾಗ ಮುಳುಗಿತು. ಸಂಗೀತಗಾರರು ಮನೆ ಕಳೆದುಕೊಂಡು ಬೇರೆ ರಾಜ್ಯಗಳಿಗೆ ಚದುರಿದರು. ಆಗ ಹ್ಯಾರಿ ಮತ್ತು ಬ್ರಾನ್‌ಫರ್ಡ್, ಬಡವರಿಗೆ ಮನೆ ಕಟ್ಟಿಕೊಡುವ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಸಂಸ್ಥೆಯ ಜೊತೆ ಸೇರಿ, ಅಪ್ಪರ್ ನೈಂತ್ ವಾರ್ಡ್‌ನಲ್ಲಿ ಮ್ಯುಸಿಶಿಯನ್ಸ್ ವಿಲೇಜ್ ಎಂಬ ಬಡಾವಣೆ ಕಟ್ಟಲು ಮುಂದಾದರು. 72 ಮನೆಗಳು ಎದ್ದವು. ನೋಕಾದಲ್ಲೇ ಓದಿದ ನಟ ವೆಂಡೆಲ್ ಪಿಯರ್ಸ್ ತಾನು ಬೆಳೆದ ಪಾಂಟ್‌ಚಾರ್ಟ್ರೇನ್ ಪಾರ್ಕ್ ಬಡಾವಣೆಯನ್ನು ಮತ್ತೆ ಕಟ್ಟುವ ಕೆಲಸಕ್ಕೆ ಇಳಿದರು. ಊರು ಬಿಟ್ಟು ಹೋಗಿ ಹೆಸರು, ದುಡ್ಡು, ಸಂಪರ್ಕ ಗಳಿಸಿದ್ದರಿಂದಲೇ ಇವರಿಗೆ ಇದು ಸಾಧ್ಯವಾಯಿತು. ಹಾಗಾಗಿ ಮಕ್ಕಳು ಹೊರಗೆ ಹೋಗುವುದನ್ನು ನಾನು ನಷ್ಟ ಅಂತ ಲೆಕ್ಕ ಹಾಕುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಆಡಿಷನ್‌ನಲ್ಲಿ ಗೆಲ್ಲುವುದು ಮೊದಲೇ ಪಾಠ ಸಿಕ್ಕಿದ ಮಗು. ವಿಂಟನ್‌ಗೆ ಅಪ್ಪ ಇದ್ದರು. ನೋಕಾದಲ್ಲಿ ಒಟ್ಟಿಗೆ ಓದಿ ಹೆಸರಾಂತ ಸಂಗೀತಗಾರರಾದ ಜಾನ್ ಬಟೀಸ್ಟ್ ಮತ್ತು ಟ್ರೊಂಬೋನ್ ಶಾರ್ಟಿ ಇಬ್ಬರದೂ ಸಂಗೀತದ ಮನೆತನ. ಹೈಸ್ಕೂಲಿನ ಬಾಗಿಲಲ್ಲಿ ಶುಲ್ಕ ಇಲ್ಲ ಅಂದರೆ ಸಾಲದು. 8, 9ನೇ ವಯಸ್ಸಿನಲ್ಲೇ ಯಾರಾದರೂ ಕೈಗೆ ವಾದ್ಯ ಕೊಡಬೇಕು. ಈ ಮಾತನ್ನು ಕಲಾ ಶಾಲೆಯ ಪರ ಇರುವವರೇ ಮೊದಲು ಒಪ್ಪಬೇಕು ಅಂತ ನನ್ನ ಅನಿಸಿಕೆ.

[ದೃಶ್ಯ: ಕಹಳೆ ಹಿಡಿದ ಚಿಕ್ಕ ಮಕ್ಕಳು]

ಇಲ್ಲೂ ಹಳೆಯ ವಿದ್ಯಾರ್ಥಿಗಳು ಕೈಜೋಡಿಸಿದ್ದಾರೆ. ಮ್ಯುಸಿಶಿಯನ್ಸ್ ವಿಲೇಜ್ ನಡುವೆ 2011ರಲ್ಲಿ ಎಲ್ಲಿಸ್ ಹೆಸರಿನ ಸಂಗೀತ ಕೇಂದ್ರ ತೆರೆಯಿತು. ಶಾಲೆ ಬಿಟ್ಟ ಮೇಲೆ ಸುತ್ತಲಿನ ಮಕ್ಕಳು ಅಲ್ಲಿ ವಾದ್ಯ ಕಲಿಯುತ್ತಾರೆ. ಟ್ರೊಂಬೋನ್ ಶಾರ್ಟಿ ತನ್ನ ಪ್ರತಿಷ್ಠಾನದ ಮೂಲಕ, ಟುಲೇನ್ ವಿಶ್ವವಿದ್ಯಾಲಯದ ಜೊತೆ ಸೇರಿ, ಹೈಸ್ಕೂಲ್ ಮಕ್ಕಳಿಗೆ ವಾದನದ ಜೊತೆಗೆ ಸಂಗೀತದ ವ್ಯವಹಾರವನ್ನೂ ಕಲಿಸುತ್ತಾರೆ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಏನು ನೋಡಬೇಕು ಅನ್ನುವುದು ಆ ಮಕ್ಕಳಿಗೆ 16, 17ನೇ ವಯಸ್ಸಿಗೇ ಗೊತ್ತಾಗುತ್ತದೆ. ಈ ಊರಿನ ಎಷ್ಟೋ ಹಳೆಯ ವಾದಕರಿಗೆ ಅದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ.