ದುಡ್ಡು ಹೋದ ಮೇಲಿನ ಮೊದಲ ಗಂಟೆ: ಆನ್‌ಲೈನ್ ವಂಚನೆಗೆ ಸರ್ಕಾರ ಹಾಕಿದ ಗೇಟುಗಳು

ಎಲ್ಲರಿಗೂ ನಮಸ್ಕಾರ.

2023ರಲ್ಲಿ ಸೈಬರ್ ವಂಚಕರಿಗೆ ಕಳೆದುಕೊಂಡೆವು ಎಂದು ಈ ದೇಶದ ಜನ ದೂರು ಕೊಟ್ಟ ಮೊತ್ತ ₹7,465 ಕೋಟಿ. ಮರುವರ್ಷ ಅದು ₹22,845 ಕೋಟಿ. ಸಂಸತ್ತಿನಲ್ಲಿ ಸರ್ಕಾರವೇ ಕೊಟ್ಟ ಲೆಕ್ಕ ಇದು. ಮರ್ಯಾದೆಗೆ ಅಂಜಿ ದೂರೇ ಕೊಡದವರು ಇದರಲ್ಲಿ ಸೇರಿಲ್ಲ. ಒಂದೇ ವರ್ಷದಲ್ಲಿ ಮೂರು ಪಟ್ಟು ಏರಿದೆ ಎಂದರೆ, ಜನರಿಗೆ ಬುದ್ಧಿ ಹೇಳಿದರೆ ಸಾಕು ಎಂಬ ಲೆಕ್ಕಾಚಾರ ಕೈಕೊಟ್ಟಿದೆ ಎಂದೇ ಅರ್ಥ. ಹಾಗಾಗಿ ‘ಒಟಿಪಿ ಯಾರಿಗೂ ಹೇಳಬೇಡಿ’ ಎಂಬ ಪಾಠವನ್ನು ಇವತ್ತು ಪಕ್ಕಕ್ಕಿಟ್ಟು, ದುಡ್ಡು ಹರಿಯುವ ದಾರಿಯನ್ನು ನೋಡೋಣ. ಆ ದಾರಿಯಲ್ಲಿ ಸರ್ಕಾರ ಎಲ್ಲೆಲ್ಲಿ ಗೇಟು ಹಾಕಿದೆ, ಯಾವುದು ಗಟ್ಟಿ, ಯಾವುದು ಬರೀ ಬಣ್ಣ ಬಳಿದದ್ದು?

ಗಟ್ಟಿಯಾದದ್ದರಿಂದಲೇ ಶುರು ಮಾಡೋಣ. ಆನ್‌ಲೈನ್ ವಂಚನೆಯ ದೂರು ಕೊಡುವ 1930 ಸಹಾಯವಾಣಿ 2021ರ ಏಪ್ರಿಲ್‌ನಲ್ಲಿ ಆರಂಭವಾದಾಗ ಅದರ ಸಂಖ್ಯೆ 155260 ಇತ್ತು. ಗಾಬರಿಯಲ್ಲಿರುವವರಿಗೆ ಆರಂಕಿ ಎಲ್ಲಿ ನೆನಪಿರುತ್ತದೆ? ಆಮೇಲೆ ಅದು ನಾಲ್ಕಂಕಿಗೆ ಇಳಿಯಿತು. ಅದರ ಹಿಂದಿರುವುದು ಕೇಂದ್ರ ಗೃಹ ಸಚಿವಾಲಯದ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರ. ಇಲಾಖೆಯವರು ಐ-ಫೋರ್-ಸಿ ಎನ್ನುತ್ತಾರೆ. ಬ್ಯಾಂಕುಗಳು, ಪೇಮೆಂಟ್ ಆ್ಯಪ್‌ಗಳು ಮತ್ತು ಎಲ್ಲ ರಾಜ್ಯಗಳ ಪೊಲೀಸರು ಒಂದೇ ವ್ಯವಸ್ಥೆಯಲ್ಲಿ ಕೂತಿರುವುದು ಇದರ ನಿಜವಾದ ಬಲ.

ಕೆಲಸ ನಡೆಯುವ ಬಗೆ ಹೀಗೆ. ನಿಮ್ಮ ಖಾತೆಯಿಂದ ₹3 ಲಕ್ಷ ಹೋಗಿದೆ ಎನ್ನಿ. ನೀವು ಫೋನ್ ಮಾಡಿದ ಕೂಡಲೇ ಒಂದು ಟಿಕೆಟ್ ತಯಾರಾಗಿ ನಿಮ್ಮ ಬ್ಯಾಂಕಿನ ಪರದೆಗೆ ಹೋಗುತ್ತದೆ. ಹಣ ಯಾವ ಖಾತೆಗೆ ದಾಟಿದೆ ಎಂದು ಅವರು ನೋಡಿ, ಆ ಬ್ಯಾಂಕಿಗೆ ಟಿಕೆಟ್ ದಾಟಿಸುತ್ತಾರೆ. ಅಲ್ಲಿ ಹಣ ಇನ್ನೂ ಇದ್ದರೆ ಅಷ್ಟಕ್ಕೆ ತಡೆ ಬೀಳುತ್ತದೆ. ಇಲ್ಲವಾದರೆ ಅಲ್ಲಿಂದ ಹೋದ ಮುಂದಿನ ಬ್ಯಾಂಕಿಗೆ ಟಿಕೆಟ್ ಸಾಗುತ್ತದೆ. ಹೀಗೆ ಒಂದೊಂದು ಹೆಜ್ಜೆಗೂ ‘ಲೇಯರ್’ ಎಂದು ಹೆಸರು. ವಂಚಕರಿಗೂ ಇದು ಚೆನ್ನಾಗಿ ಗೊತ್ತು. ಅದಕ್ಕೇ ಮೂರು ಲಕ್ಷವನ್ನು ನಿಮಿಷಗಳೊಳಗೆ ಐದಾರು ಖಾತೆಗಳಿಗೆ ಒಡೆದು, ಅಲ್ಲಿಂದ ಮತ್ತೆ ಒಡೆದು, ಎಟಿಎಂನಲ್ಲಿ ನಗದು ಮಾಡುತ್ತಾರೆ ಇಲ್ಲವೇ ಕ್ರಿಪ್ಟೊ ಕೊಳ್ಳುತ್ತಾರೆ. ನಗದಾಗಿ ಕೈಗೆ ಬಂದ ಮೇಲೆ ಯಾವ ಟಿಕೆಟ್ಟೂ ಅದನ್ನು ಹಿಡಿಯಲಾರದು. ಮೊದಲ ಗಂಟೆ, ಮೊದಲ ಗಂಟೆ ಎಂದು ಪೊಲೀಸರು ಬಡಿದುಕೊಳ್ಳುವುದು ಇದಕ್ಕೇ.

ಆ ಗಂಟೆ ವ್ಯರ್ಥವಾಗುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ. ಯುಪಿಐ ಪಾವತಿಯ ಗುರುತು 12 ಅಂಕಿಯ ಯುಟಿಆರ್ ಸಂಖ್ಯೆ. ಕೆಲವು ಆ್ಯಪ್‌ಗಳು ತಮ್ಮದೇ ಆದ ಇನ್ನೊಂದು ಉದ್ದನೆಯ ಸಂಖ್ಯೆಯನ್ನೂ ತೋರಿಸುತ್ತವೆ. ಗಾಬರಿಯಲ್ಲಿ ಜನ ಅದನ್ನು ಓದಿ ಹೇಳಿದರೆ ಬ್ಯಾಂಕಿನವರಿಗೆ ವ್ಯವಹಾರ ಹುಡುಕುವುದೇ ಕಷ್ಟ. ವಹಿವಾಟಿನ ಇತಿಹಾಸ ತೆರೆದು ಯುಟಿಆರ್, ಮೊತ್ತ, ದಿನ, ಸಮಯ ಬರೆದಿಟ್ಟುಕೊಂಡೇ ಕರೆ ಮಾಡಿ. ಕಾರ್ಡಿನಿಂದ ಹೋಗಿದ್ದರೆ ಬ್ಯಾಂಕಿನ ಎಸ್‌ಎಂಎಸ್ ಕಣ್ಣ ಮುಂದಿರಲಿ. ನಾಲ್ಕು ಕಂತಿನಲ್ಲಿ ಹೋಗಿದ್ದರೆ ನಾಲ್ಕನ್ನೂ ಬೇರೆ ಬೇರೆಯಾಗಿ ಹೇಳಿ. ಒಂದೊಂದರ ಜಾಡೂ ಬೇರೆ. ಒಟ್ಟು ಮೊತ್ತ ಹೇಳಿ ಸುಮ್ಮನಾದರೆ ಉಳಿದ ಮೂರು ಜಾಡನ್ನು ಯಾರೂ ಹಿಡಿಯುವುದಿಲ್ಲ. ಲೈನ್ ಸಿಗದಿದ್ದರೆ ಕಾಯುತ್ತ ಕೂರದೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೇ ಹಣಕಾಸು ವಂಚನೆ ಎಂದು ದಾಖಲಿಸಿ. ಫೋನಿನಲ್ಲಿ ದೂರು ಕೊಟ್ಟವರೂ 24 ಗಂಟೆಯೊಳಗೆ ಪೋರ್ಟಲ್‌ನಲ್ಲಿ ಪೂರ್ತಿ ವಿವರ ತುಂಬಬೇಕು. ಎಸ್‌ಎಂಎಸ್‌ನಲ್ಲಿ ಬರುವ ಸ್ವೀಕೃತಿ ಸಂಖ್ಯೆ ಅದಕ್ಕೇ ಇರುವುದು. ಇನ್ನೊಂದು ಮಾತು: ಬ್ಯಾಂಕಿನ ಸಹಾಯವಾಣಿ ಸಂಖ್ಯೆಯನ್ನು ಸರ್ಚ್ ಮಾಡಿ ಹುಡುಕಬೇಡಿ, ಕಾರ್ಡಿನ ಹಿಂಬದಿ ನೋಡಿ. ‘ಕಳೆದ ಹಣ ವಾಪಸ್ ಕೊಡಿಸುತ್ತೇವೆ’ ಎಂದು ಶುಲ್ಕ ಕೇಳುವವನು ಅದೇ ದಂಧೆಯ ಎರಡನೇ ಪಾಳಿಯವನು.

ಈ ವ್ಯವಸ್ಥೆಯಿಂದ ಉಳಿದ ಹಣವೆಷ್ಟು? 2025ರ ಮಧ್ಯದ ಹೊತ್ತಿಗೆ 17.82 ಲಕ್ಷ ದೂರುಗಳಲ್ಲಿ ₹5,489 ಕೋಟಿ. ಇದು ನಾಲ್ಕು ವರ್ಷಗಳ ಒಟ್ಟು ಮೊತ್ತ. 2024 ಒಂದೇ ವರ್ಷದ ನಷ್ಟ ಇದರ ನಾಲ್ಕು ಪಟ್ಟು. ಸಣ್ಣ ಸಾಧನೆಯಲ್ಲ, ಆದರೆ ಬೆನ್ನು ತಟ್ಟಿಕೊಳ್ಳುವಷ್ಟು ದೊಡ್ಡದೂ ಅಲ್ಲ.

ತಡೆಹಿಡಿದ ಹಣ ತಾನಾಗಿ ನಿಮ್ಮ ಖಾತೆಗೆ ಬರುತ್ತದೆ ಎಂದುಕೊಂಡವರು ಬಹಳ. ಸಾಮಾನ್ಯವಾಗಿ ಅದಕ್ಕೆ ನ್ಯಾಯಾಲಯದ ಆದೇಶ ಬೇಕು. ಹಿಂದಿನ ಸಿಆರ್‌ಪಿಸಿ 457, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಂ ಅಡಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬೇಕು. ಸ್ವೀಕೃತಿ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಗುರುತಿನ ಚೀಟಿ, ಎಫ್‌ಐಆರ್ ಆಗಿದ್ದರೆ ಅದರ ನಕಲು ಜೊತೆಗಿರಬೇಕು. ಯಾವ ಬ್ಯಾಂಕಿನ ಯಾವ ಖಾತೆಯಲ್ಲಿ ಎಷ್ಟು ನಿಂತಿದೆ ಎಂಬ ವಿವರವನ್ನು ಪೊಲೀಸರಿಂದ ಪಡೆಯಿರಿ. ಕರ್ನಾಟಕದಲ್ಲಾದರೆ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ. ಆ ವಿವರವಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಒಂದೇ ಖಾತೆಯಲ್ಲಿ ಹತ್ತು ಜನ ಮೋಸ ಹೋದವರ ಹಣ ಬೆರೆತಿದ್ದರೆ ಯಾರಿಗೆಷ್ಟು ಎಂಬ ತಕರಾರು ಬೇರೆ.

ಈ ಗೇಟಿನ ಕೆಳಗೆ ಸಿಕ್ಕಿಕೊಳ್ಳುವ ಅಮಾಯಕರೂ ಇದ್ದಾರೆ. ವಂಚಕ ಒಂದು ಅಂಗಡಿಯಲ್ಲಿ ₹500ರ ಸಾಮಾನು ಕೊಂಡು ಕದ್ದ ಹಣದಿಂದ ಪಾವತಿಸಿದ ಎನ್ನಿ. ಜಾಡು ಹಿಡಿದ ಟಿಕೆಟ್ ಅಂಗಡಿಯವನ ಖಾತೆಗೂ ಬರುತ್ತದೆ. ಐನೂರಕ್ಕೆ ಮಾತ್ರ ತಡೆ ಹಾಕಿದರೆ ಸಾಕು. ಆದರೆ ಎಷ್ಟೋ ಸಲ ಇಡೀ ಖಾತೆಯೇ ಸ್ತಬ್ಧವಾಗುತ್ತದೆ. ವಿವಾದದ ಮೊತ್ತಕ್ಕಷ್ಟೇ ತಡೆ ಇರಬೇಕು ಎಂದು ಕೇರಳ ಹೈಕೋರ್ಟ್ 2023ರಲ್ಲೇ ಹೇಳಿದೆ. ಹೀಗಾದವರು ಬ್ಯಾಂಕಿನಿಂದ ಲಿಖಿತವಾಗಿ ಮೂರು ಮಾಹಿತಿ ಕೇಳಿ: ದೂರಿನ ಸ್ವೀಕೃತಿ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ವಿವಾದದ ಮೊತ್ತ. ಆಮೇಲೆ ಬಿಲ್ಲು, ವಹಿವಾಟಿನ ದಾಖಲೆ ಸಮೇತ ಆ ತನಿಖಾಧಿಕಾರಿಗೆ ಇ-ಮೇಲ್ ಹಾಕಿ, ಮೊತ್ತಕ್ಕೆ ಮಾತ್ರ ತಡೆ ಉಳಿಸುವಂತೆ ಕೇಳಿ. ಶಾಖೆಯಲ್ಲಿ ಜಗಳವಾಡಿ ಪ್ರಯೋಜನವಿಲ್ಲ, ಬೀಗದ ಕೈ ಅವರ ಬಳಿ ಇರುವುದಿಲ್ಲ.

ಟೆಲಿಕಾಂ ಕಡೆಯ ಗೇಟುಗಳನ್ನು ಬೇಗ ನೋಡಿಬಿಡೋಣ. 2025ರಿಂದ ವಾಣಿಜ್ಯ ಎಸ್‌ಎಂಎಸ್‌ ಕಳುಹಿಸುವವರ ಹೆಸರಿನ ಕೊನೆಗೆ ಒಂದು ಅಕ್ಷರ ಬರುತ್ತದೆ: ಪಿ ಎಂದರೆ ಪ್ರಚಾರ, ಎಸ್ ಸೇವೆ, ಟಿ ವಹಿವಾಟು, ಜಿ ಸರ್ಕಾರ. ‘ನಿಮ್ಮ ಖಾತೆ ಬಂದ್ ಆಗಿದೆ’ ಎಂಬ ಸಂದೇಶ ಹತ್ತಂಕಿಯ ಮಾಮೂಲಿ ಮೊಬೈಲ್ ಸಂಖ್ಯೆಯಿಂದ ಬಂದರೆ ಮುಂದೆ ಓದುವುದೇ ಬೇಡ. ಬ್ಯಾಂಕುಗಳ ಸೇವಾ ಕರೆಗಳಿಗೆ 1600ರಿಂದ ಶುರುವಾಗುವ ಸರಣಿ ಮೀಸಲಾಗಿದೆ. ಹಣ ಹೋಗದಿದ್ದರೂ ಅನುಮಾನದ ಕರೆ ಬಂದರೆ ತಿಳಿಸಲು ದೂರಸಂಪರ್ಕ ಇಲಾಖೆಯ ‘ಸಂಚಾರ ಸಾಥಿ’ ತಾಣ ಮತ್ತು ಆ್ಯಪ್‌ನಲ್ಲಿ ‘ಚಕ್ಷು’ ಎಂಬ ವಿಭಾಗವಿದೆ. ಅದೇ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದೂ ನೋಡಬಹುದು. ಇದನ್ನು ತಪ್ಪದೆ ಮಾಡಿ. ಗೊತ್ತಿಲ್ಲದ ಸಂಖ್ಯೆ ಕಂಡರೆ ಅಲ್ಲೇ ‘ನನ್ನದಲ್ಲ’ ಎಂದು ಒತ್ತಿ. ಈ ಆ್ಯಪನ್ನು ಎಲ್ಲ ಹೊಸ ಫೋನುಗಳಿಗೂ ಮೊದಲೇ ತುಂಬಿಸಿ ಕೊಡಬೇಕೆಂದು 2025ರ ನವೆಂಬರ್ ಕೊನೆಯಲ್ಲಿ ಹೊರಟ ಆದೇಶ ವಿರೋಧ ಎದ್ದ ಮೇಲೆ ವಾರದೊಳಗೆ ವಾಪಸಾಯಿತು. ಒಳ್ಳೆಯ ಸಲಕರಣೆಯನ್ನು ಬಲವಂತದಿಂದ ಕೆಡಿಸಿಕೊಳ್ಳುವುದು ಹೇಗೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಬ್ಯಾಂಕುಗಳ ಕಡೆಯ ಗೇಟು ಇನ್ನೂ ಸಡಿಲ. ಕೆಲವು ಕ್ರಮಗಳು ಸರಿಯಾಗಿಯೇ ಇವೆ. ಆರ್‌ಬಿಐ ಸೂಚನೆಯಂತೆ 2025ರ ಏಪ್ರಿಲ್‌ನಿಂದ ನೆಫ್ಟ್, ಆರ್‌ಟಿಜಿಎಸ್ ಮಾಡುವ ಮುನ್ನ ಖಾತೆದಾರನ ಹೆಸರು ತೋರಿಸುವ ಸೌಲಭ್ಯ ಬಂತು. ವ್ಯಕ್ತಿಯಿಂದ ವ್ಯಕ್ತಿಗೆ ‘ಹಣ ಕೊಡಿ’ ಎಂದು ಯುಪಿಐನಲ್ಲಿ ಕೇಳುವ ಕಲೆಕ್ಟ್ ಕೋರಿಕೆ 2025ರ ಅಕ್ಟೋಬರ್ 1ರಿಂದ ನಿಂತಿತು. ‘ಹಣ ಬರುತ್ತದೆ, ಪಿನ್ ಒತ್ತಿ’ ಎಂಬ ಹಳೆಯ ಆಟದ ಮುಖ್ಯ ಆಯುಧವೇ ಅದಾಗಿತ್ತು. ಆದರೆ ಮೂಲ ರೋಗ ಬಾಡಿಗೆ ಖಾತೆಗಳದ್ದು. ಯಾರದೋ ಕಷ್ಟ ನೋಡಿ ಒಂದಿಷ್ಟು ಕಮಿಷನ್ ಕೊಟ್ಟು, ಅವರ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಒಟ್ಟಿಗೆ ಇಸಿದುಕೊಳ್ಳುತ್ತಾರೆ. ಕೆವೈಸಿ ಅಸಲಿ, ಹೆಸರು ಅಸಲಿ. ಖಾತೆ ನಡೆಸುವವನು ಮಾತ್ರ ಬೇರೆ. ಹೆಸರು ತೋರಿಸಿದರೆ ಇಲ್ಲಿ ಏನೂ ಉಪಯೋಗವಿಲ್ಲ. ಇಂಥ ಖಾತೆ ಪತ್ತೆಗೆ ರಿಸರ್ವ್ ಬ್ಯಾಂಕಿನ ಇನ್ನೋವೇಷನ್ ಹಬ್ ‘ಮ್ಯೂಲ್‌ಹಂಟರ್’ ಎಂಬ ಕೃತಕ ಬುದ್ಧಿಯ ತಂತ್ರಾಂಶ ಮಾಡಿದೆ. ಎರಡು ಸಾವಿರ ದಾಟದ ಉಳಿತಾಯ ಖಾತೆಗೆ ಏಕಾಏಕಿ ಲಕ್ಷಗಳು ಬಂದು ಕಾಲು ಗಂಟೆಯಲ್ಲಿ ಖಾಲಿಯಾದರೆ, ನನ್ನ ಅಭಿಪ್ರಾಯದಲ್ಲಿ ಅದನ್ನು ಹಿಡಿಯಲು ಕೃತಕ ಬುದ್ಧಿಯೇನೂ ಬೇಕಿಲ್ಲ. ಹಿಡಿಯದಿದ್ದರೆ ಬ್ಯಾಂಕಿನ ಕಿಸೆಗೆ ಪೆಟ್ಟು ಬೀಳಬೇಕು, ಅಷ್ಟೆ.

ಆ ಪೆಟ್ಟಿನ ಲೆಕ್ಕ ನಮ್ಮಲ್ಲಿ ಅರ್ಧ ಮಾತ್ರ ಇದೆ. ಆರ್‌ಬಿಐನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ನಿಮ್ಮ ತಪ್ಪಿಲ್ಲದೆ, ಬ್ಯಾಂಕಿನದ್ದೂ ಅಲ್ಲದ ಹೊರಗಿನ ಲೋಪದಿಂದ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಮಾಮೂಲಿ ಉಳಿತಾಯ ಖಾತೆಗೆ ಗರಿಷ್ಠ ₹10,000. ಬ್ಯಾಂಕ್ 10 ಕೆಲಸದ ದಿನಗಳಲ್ಲಿ ಮೊತ್ತವನ್ನು ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನಗಳಲ್ಲಿ ತೀರ್ಮಾನ ಕೊಡಬೇಕು. ತಪ್ಪು ಗ್ರಾಹಕನದ್ದು ಎಂದು ಸಾಬೀತುಪಡಿಸುವ ಹೊರೆ ಬ್ಯಾಂಕಿನದ್ದು. ಇಷ್ಟೆಲ್ಲ ಇದ್ದರೂ, ನೀವೇ ಒಟಿಪಿ ಹೇಳಿದರೆ, ಹೆದರಿ ನೀವೇ ಹಣ ಕಳಿಸಿದರೆ ಈ ರಕ್ಷಣೆ ಅನ್ವಯಿಸದು. ಇವತ್ತಿನ ದೊಡ್ಡ ವಂಚನೆಗಳೆಲ್ಲ ಇದೇ ಜಾತಿಯವು.

ಬ್ರಿಟನ್ ಈ ಗಂಟನ್ನು ಬೇರೆ ರೀತಿ ಬಿಡಿಸಿದೆ. 2024ರ ಅಕ್ಟೋಬರ್ 7ರಿಂದ, ಮೋಸಕ್ಕೆ ಬಲಿಯಾಗಿ ತಾನೇ ಹಣ ಕಳಿಸಿದವನಿಗೂ ಬ್ಯಾಂಕ್ 85,000 ಪೌಂಡ್‌ವರೆಗೆ ಮರಳಿಸಬೇಕು, ಸಾಮಾನ್ಯವಾಗಿ ಐದು ಕೆಲಸದ ದಿನಗಳಲ್ಲಿ. ಖರ್ಚಿನ ಅರ್ಧ ಹಣ ಕಳಿಸಿದ ಬ್ಯಾಂಕಿನದ್ದು, ಇನ್ನರ್ಧ ವಂಚಕನ ಖಾತೆ ಇಟ್ಟುಕೊಂಡ ಬ್ಯಾಂಕಿನದ್ದು. ಈ ಎರಡನೇ ಅರ್ಧವೇ ಮುಖ್ಯ. ಬಾಡಿಗೆ ಖಾತೆ ತೆರೆದುಕೊಟ್ಟ ಶಾಖೆಗೆ ಅದರ ಬಿಸಿ ತಟ್ಟುತ್ತದೆ.

ಸಿಂಗಪುರ ಇನ್ನೊಂದು ತುದಿಗೆ ಹೋಗಿದೆ. ಅಲ್ಲಿ 2025ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನಿನಡಿ, ಮೋಸ ಹೋಗುತ್ತಿದ್ದೇನೆ ಎಂದು ಖಾತೆದಾರ ಒಪ್ಪದಿದ್ದರೂ ಪೊಲೀಸರು ಅವನದೇ ಖಾತೆಯ ವಹಿವಾಟನ್ನು 30 ದಿನಗಳ ಮಟ್ಟಿಗೆ ನಿರ್ಬಂಧಿಸಬಹುದು. ಸ್ವಂತ ದುಡ್ಡಿಗೆ ಸರ್ಕಾರದ ಬೀಗವೇ ಎಂದು ಸಿಟ್ಟು ಬರುವ ಮಾತು, ನಿಜ. ಆದರೆ ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡಿ, ನೀವು ಬಂಧನದಲ್ಲಿದ್ದೀರಿ ಎಂದು ಹೆದರಿಸಿ ಹಣ ಕೀಳುವ ನಮ್ಮ ‘ಡಿಜಿಟಲ್ ಅರೆಸ್ಟ್’ ಪ್ರಕರಣಗಳನ್ನು ನೋಡಿ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ರೇಡಿಯೊದಲ್ಲಿ ಹೇಳಿದರು. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಅಷ್ಟಾದರೂ ನಿವೃತ್ತರೊಬ್ಬರು ಕಿವಿಯಲ್ಲಿ ವಂಚಕನ ಕರೆ ಇಟ್ಟುಕೊಂಡೇ ಶಾಖೆಗೆ ಬಂದು ಎಫ್‌ಡಿ ಮುರಿಸುತ್ತಾರೆ. ಯಾಕೆ ಎಂದು ಮ್ಯಾನೇಜರ್ ಕೇಳಿದರೆ, ಹೇಳಿಕೊಟ್ಟ ಉತ್ತರ ಸಿದ್ಧವಿರುತ್ತದೆ: ಮಗಳ ಮದುವೆ, ಇಲ್ಲವೇ ಸೈಟು. ಅನುಮಾನವಿದೆ ಎಂಬ ಒಂದೇ ಕಾರಣಕ್ಕೆ ಆ ವರ್ಗಾವಣೆಯನ್ನು ಎರಡು ದಿನ ತಡೆಯಲು ಸಿಂಗಪುರದಂಥ ಸ್ಪಷ್ಟ ಕಾನೂನಿನ ಬೆಂಬಲ ನಮ್ಮ ಮ್ಯಾನೇಜರಿಗಿಲ್ಲ. ತಡೆದರೆ ಗ್ರಾಹಕನ ದೂರು, ಬಿಟ್ಟರೆ ಯಾವ ದಂಡವೂ ಇಲ್ಲ. ಹಾಗಿದ್ದಾಗ ಅವರು ಯಾವುದನ್ನು ಆರಿಸಿಕೊಂಡಾರು?