ಕಡಲಹಕ್ಕಿಯ ಎರಡು ಅಂಗಿ

ಕೇಳುಗರಿಗೆ ನಮಸ್ಕಾರ.

ಬಣ್ಣದ ವಿಷಯವನ್ನು ರೇಡಿಯೋದಲ್ಲಿ ಹೇಳುವುದು ಸ್ವಲ್ಪ ಫಜೀತಿಯ ಕೆಲಸ. ಚಿತ್ರ ತೋರಿಸುವ ಹಾಗಿಲ್ಲ. ಆದರೆ ಕಡಲಹಕ್ಕಿಗಳನ್ನು ಆರಿಸಿಕೊಂಡರೆ ಒಂದು ಅನುಕೂಲ ಇದೆ. ಅವುಗಳ ಗರಿಗಳಲ್ಲಿ ಹೆಚ್ಚುಕಡಿಮೆ ಇರುವುದೇ ನಾಲ್ಕು ಬಣ್ಣ: ಕಪ್ಪು, ಬಿಳಿ, ಬೂದಿ, ಕಂದು. ಕೊಕ್ಕು, ಕಾಲುಗಳಲ್ಲಿ ಕೆಂಪು, ಹಳದಿ, ನೀಲಿ ಎಲ್ಲ ಕಾಣುತ್ತದೆ. ಗರಿಗೆ ಬಂದರೆ ಮಾತ್ರ ಬಲು ಜಿಪುಣತನ. ಈ ನಾಲ್ಕರಲ್ಲೇ ಅವು ಮಾಡಿರುವ ಆಟ ಎಂಥದ್ದು ಅನ್ನುವುದು ಇವತ್ತಿನ ಮಾತು.

ಆರ್ಕ್ಟಿಕ್ ಸ್ಕೂವಾ ಅಂತ ಒಂದು ಹಕ್ಕಿ ಇದೆ. ಉತ್ತರ ಧ್ರುವದ ಸುತ್ತಮುತ್ತಲಿನ ಬಯಲುಗಳಲ್ಲಿ ಮೊಟ್ಟೆ ಇಡುತ್ತದೆ, ಅಲ್ಲಿ ಚಳಿ ಬಂದಾಗ ದಕ್ಷಿಣದ ಕಡಲುಗಳಿಗೆ ಹಾರುತ್ತದೆ. ತಾನೇ ಮೀನು ಹಿಡಿಯುವುದಕ್ಕಿಂತ, ಹಿಡಿದವರಿಂದ ಕಸಿದುಕೊಳ್ಳುವುದು ಇದಕ್ಕೆ ಇಷ್ಟ. ಟರ್ನ್, ಕಿಟಿವೇಕ್‌ಗಳಂಥ ಹಕ್ಕಿಗಳನ್ನು ಅಟ್ಟಿಸಿಕೊಂಡು ಹೋಗಿ, ಅವು ಗಾಬರಿಯಿಂದ ಬಾಯಲ್ಲಿದ್ದ ಮೀನನ್ನು ಬಿಡುವ ತನಕ ಸತಾಯಿಸುತ್ತದೆ. ಈ ದರೋಡೆಕೋರನಿಗೆ ಎರಡು ಅಂಗಿ. ಕೆಲವಕ್ಕೆ ತಲೆಯ ಮೇಲೆ ಕಪ್ಪು ಟೋಪಿ, ಹೊಟ್ಟೆ ಬೆಳ್ಳಗೆ. ಕೆಲವು ತಲೆಯಿಂದ ಬಾಲದವರೆಗೆ ಗಾಢ ಕಂದು. ನಡುವಿನ ಬಣ್ಣದವೂ ಉಂಟು.

ಗಂಡು ಹೆಣ್ಣಿನ ವ್ಯತ್ಯಾಸ ಇರಬಹುದು ಅಂದುಕೊಂಡಿರಾ? ಇಲ್ಲ. ವಯಸ್ಸಿಗೂ ಸಂಬಂಧವಿಲ್ಲ, ಋತುವಿಗೂ ಇಲ್ಲ. ಕಪ್ಪಾಗಿ ಬೆಳೆದದ್ದು ಸಾಯುವವರೆಗೂ ಕಪ್ಪೇ. ಕಪ್ಪು ಬಿಳಿ ಜೋಡಿಯಾಗುತ್ತವೆ, ಮರಿ ಮಾಡುತ್ತವೆ. ಎರಡೂ ಒಂದೇ ಜಾತಿಯ ಹಕ್ಕಿ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಗರಿ ಹುಟ್ಟುವ ಜಾಗದಲ್ಲಿ, ಚರ್ಮದೊಳಗೆ, ಬಣ್ಣ ತಯಾರಿಸುವ ಜೀವಕೋಶಗಳಿವೆ. ಅವು ಮಾಡುವ ಬಣ್ಣದ ಹೆಸರು ಮೆಲನಿನ್. ನಮ್ಮ ಕೂದಲಿಗೆ ಕಪ್ಪು ಕೊಡುವುದೂ ಅದೇ. ಈ ಜೀವಕೋಶದ ಹೊರಮೈಯಲ್ಲಿ ಒಂದು ಪ್ರೋಟೀನ್ ಕೂತಿರುತ್ತದೆ. ಬಾಗಿಲಿನ ಕರೆಗಂಟೆ ಅಂದುಕೊಳ್ಳಿ. ಹಾರ್ಮೋನು ಬಂದು ಗುಂಡಿ ಒತ್ತಿದರೆ ಒಳಗೆ ಕಪ್ಪು ಮೆಲನಿನ್ ತಯಾರಿ ಶುರು. ಒತ್ತದಿದ್ದರೆ ತಯಾರಿ ಕಡಿಮೆ, ಅಥವಾ ತೆಳು ಬಣ್ಣ. ಈ ಗಂಟೆಯನ್ನು ಕಟ್ಟುವ ಜೀನ್‌ಗೆ ಎಂಸಿ1ಆರ್ ಅಂತ ಹೆಸರು. ಹೆಸರು ಮೋಟಾರು ಬೈಕಿನ ಮಾದರಿಯ ಹಾಗಿದೆ, ನಿಜ. ಇವತ್ತು ಇದೊಂದನ್ನು ಸಹಿಸಿಕೊಳ್ಳಿ, ಬೇರೆ ಯಾವ ಜೀನಿನ ಹೆಸರನ್ನೂ ಹೇಳುವುದಿಲ್ಲ.

ಕೆಲವೊಮ್ಮೆ ಗಂಟೆಯ ಗುಂಡಿ ಒಳಗೇ ಸಿಕ್ಕಿಕೊಳ್ಳುತ್ತದೆ ಅಲ್ವಾ? ಯಾರೂ ಒತ್ತದಿದ್ದರೂ ಸುಮ್ನೆ ಬಡಿದುಕೊಳ್ಳುತ್ತಲೇ ಇರುತ್ತದೆ. ಈ ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ಹಾಗೆ ಆಗಬಹುದು. ಕಪ್ಪು ಕೋಳಿಗಳಲ್ಲಿ ಇದನ್ನು ಪ್ರಯೋಗ ಮಾಡಿಯೇ ತೋರಿಸಿದ್ದಾರೆ.

2004ರಲ್ಲಿ ನಿಕೋಲಸ್ ಮಂಡಿ ಮತ್ತು ಜೊತೆಗಾರರು ಸ್ಕೂವಾದ ಇದೇ ಜೀನನ್ನು ಓದಿದರು. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಆ ಸರದ 230ನೇ ಮಣಿ ತೆಳು ಹಕ್ಕಿಗಳಲ್ಲಿ ಅರ್ಜಿನೀನ್. ಕಡುಬಣ್ಣದವುಗಳಲ್ಲಿ ಆ ಜಾಗದಲ್ಲಿ ಹಿಸ್ಟಿಡೀನ್ ಇತ್ತು. ಒಂದು ಮಣಿಯ ವ್ಯತ್ಯಾಸ, ಅಷ್ಟೇ. ಅಪ್ಪ ಅಮ್ಮ ಇಬ್ಬರಿಂದಲೂ ಒಂದೊಂದು ಪ್ರತಿ ಬರುತ್ತದೆ ತಾನೇ? ಬದಲಾದ ಪ್ರತಿ ಹೆಚ್ಚಿದಷ್ಟೂ ಹಕ್ಕಿ ಹೆಚ್ಚು ಕಪ್ಪು. ಇನ್ನೊಂದು ವಿಷಯವೂ ಹೊರಬಿತ್ತು. ತೆಳು ಬಣ್ಣವೇ ಹಳೆಯದು, ಕಪ್ಪು ಆಮೇಲೆ ಬಂದದ್ದು.

ಅದೇ ತಂಡ ಹಿಮ ಹೆಬ್ಬಾತುಗಳನ್ನೂ ನೋಡಿತು. ಅದು ಕಡಲಹಕ್ಕಿ ಅಲ್ಲ, ಆದರೂ ಇಲ್ಲಿ ಅದಕ್ಕೊಂದು ಜಾಗ ಕೊಡಬೇಕು. ಅವುಗಳಲ್ಲಿ ಬಿಳಿಯವೂ ಇವೆ, ನೀಲಿಬೂದಿ ಬಣ್ಣದವೂ ಇವೆ. ಒಂದು ಕಾಲದಲ್ಲಿ ಇವು ಎರಡು ಬೇರೆ ಜಾತಿ ಅಂತಲೇ ಪುಸ್ತಕಗಳಲ್ಲಿ ಬರೆದಿದ್ದರು. ಅಲ್ಲಿಯೂ ತಪ್ಪು ಸಿಕ್ಕಿದ್ದು ಇದೇ ಜೀನಿನಲ್ಲಿ, ಆದರೆ ಬೇರೆ ಜಾಗದಲ್ಲಿ. 85ನೇ ಮಣಿ, ವ್ಯಾಲೀನ್ ಹೋಗಿ ಮೆಥಿಯೋನೀನ್.

ಈ 85 ಅನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಬಿಸಿಲ ಸೀಮೆಯ ಕಡಲುಗಳಲ್ಲಿ ಕೆಂಪು ಕಾಲಿನ ಬೂಬಿ ಅಂತ ಒಂದು ಹಕ್ಕಿ ಇದೆ. ಅದರಲ್ಲೂ ಬಿಳಿ ಬಗೆ, ಕಂದು ಬಗೆ. ಗಾಲಪಗೋಸ್ ದ್ವೀಪಗಳಲ್ಲಿ ಹೆಚ್ಚಿನವು ಕಂದು. 2007ರಲ್ಲಿ ಅದರ ಜೀನು ಓದಿದಾಗ ಏನು ಸಿಕ್ಕಿತು ಗೊತ್ತಾ? 85ನೇ ಮಣಿ. ವ್ಯಾಲೀನ್ ಹೋಗಿ ಮೆಥಿಯೋನೀನ್. ಹೆಬ್ಬಾತಿಗೂ ಬೂಬಿಗೂ ಹತ್ತಿರದ ನೆಂಟಸ್ತಿಕೆ ಇಲ್ಲ. ಒಂದರದ್ದು ಹಿಮದ ನಾಡು, ಇನ್ನೊಂದರದ್ದು ಉರಿ ಬಿಸಿಲು. ಇಬ್ಬರಲ್ಲೂ ಅದೇ ಜಾಗ, ಅದೇ ಬದಲಾವಣೆ. ಜೊತೆಗೆ ಬೂಬಿಯಲ್ಲಿ 207ನೇ ಜಾಗದಲ್ಲಿ ಇನ್ನೊಂದು ಬದಲಾವಣೆಯೂ ಇತ್ತು. ಇದನ್ನು ಮೊದಲು ಓದಿದಾಗ ನಾನು ಪುಟ ಹಿಂದಕ್ಕೆ ತಿರುಗಿಸಿ ಸಂಖ್ಯೆಯನ್ನು ಇನ್ನೊಮ್ಮೆ ನೋಡಿದ್ದೆ.

ವಿಕಾಸ ಮತ್ತೆ ಮತ್ತೆ ಇದೇ ಜೀನಿಗೆ ಬರುವುದಕ್ಕೆ ಒಂದು ಕಾರಣ ಹೇಳುತ್ತಾರೆ, ನನಗೆ ಅದು ಸರಿ ಅನ್ನಿಸುತ್ತದೆ. ಎಷ್ಟೋ ಜೀನ್‌ಗಳಿಗೆ ಹತ್ತಾರು ಕೆಲಸ. ಬಣ್ಣಕ್ಕೆಂದು ಅದನ್ನು ತಿದ್ದಿದರೆ ಹಸಿವೋ, ಮೂಳೆಯೋ, ಇನ್ನೇನೋ ಕೆಡುತ್ತದೆ. ಎಂಸಿ1ಆರ್‌ಗೆ ಮಾತ್ರ ಬಣ್ಣವೇ ಮುಖ್ಯ ಕಸುಬು. ಇಲ್ಲಿ ತಪ್ಪಾದರೂ ಹಕ್ಕಿ ಬದುಕುತ್ತದೆ. ಬೇರೆ ಬಣ್ಣದ್ದಾಗಿ ಬದುಕುತ್ತದೆ.

ಇಷ್ಟು ಸುಲಭದ ಭಾಗ. ಕಷ್ಟದ್ದು ಮುಂದಿದೆ. ಎರಡು ಬಣ್ಣ ಹುಟ್ಟಿದ್ದು ಹೇಗೆ ಅಂತ ಗೊತ್ತಾಯಿತು. ಎರಡೂ ಉಳಿದಿದ್ದು ಯಾಕೆ? ಒಂದು ಚೂರು ಮೇಲಾಗಿದ್ದರೂ ಸಾವಿರಾರು ತಲೆಮಾರುಗಳಲ್ಲಿ ಇನ್ನೊಂದನ್ನು ಅಳಿಸಿಹಾಕಬೇಕಿತ್ತು.

ಪೀಟರ್ ಓಡೊನಾಲ್ಡ್ ಅನ್ನುವ ವಿಜ್ಞಾನಿ ಈ ಪ್ರಶ್ನೆ ಹಿಡಿದು ಫೇರ್ ಐಲ್ ದ್ವೀಪದಲ್ಲಿ ವರ್ಷಗಟ್ಟಲೆ ಸ್ಕೂವಾಗಳ ಹಿಂದೆ ಬಿದ್ದರು. ಸ್ಕಾಟ್ಲೆಂಡಿನ ಆರ್ಕ್ನಿ ಮತ್ತು ಶೆಟ್ಲೆಂಡ್ ದ್ವೀಪಗಳ ನಡುವೆ ಇರುವ ಸಣ್ಣ ನೆಲ ಅದು. ಯಾವ ಹಕ್ಕಿ ಯಾವುದರ ಜೊತೆ, ಯಾವತ್ತು ಮೊಟ್ಟೆ ಇಟ್ಟಿತು, ಎಷ್ಟು ಮರಿ ಹಾರಿದವು, ಎಲ್ಲ ಲೆಕ್ಕ. ಅವರಿಗೆ ಕಂಡದ್ದು ಹೀಗೆ. ಕಡುಬಣ್ಣದ ಗಂಡುಗಳಿಗೆ ಆ ವರ್ಷದ ಜೋಡಿ ಬೇಗ ಸಿಗುತ್ತದೆ. ಬೇಗ ಜೋಡಿ, ಬೇಗ ಮೊಟ್ಟೆ. ಬೇಗ ಹುಟ್ಟಿದ ಮರಿಗಳು ಹೆಚ್ಚು ಉಳಿಯುತ್ತವೆ. ಹಾಗಾದರೆ ಕಪ್ಪೇ ಗೆಲ್ಲಬೇಕಲ್ಲ? ಇಲ್ಲ, ತೆಳು ಹಕ್ಕಿಗಳು ಇನ್ನೊಂದು ಕಡೆ ಲಾಭ ಮಾಡಿಕೊಳ್ಳುತ್ತವೆ. ಅವು ಚಿಕ್ಕ ವಯಸ್ಸಿಗೇ ಸಂಸಾರ ಶುರುಮಾಡುತ್ತವೆ. ಮೇಲಾಗಿ ಉತ್ತರಕ್ಕೆ ಹೋದಷ್ಟೂ ತೆಳುವೇ ಜಾಸ್ತಿ, ದಕ್ಷಿಣದ ಅಂಚಿನಲ್ಲಿ ಕಪ್ಪು ಜಾಸ್ತಿ. ಹಕ್ಕಿಗಳು ಅತ್ತಿತ್ತ ಹೋಗಿಬರುವುದರಿಂದ ಎರಡೂ ಬೆರೆಯುತ್ತಲೇ ಇರುತ್ತವೆ.

ಇನ್ನೊಂದು ಕಥೆಯೂ ಚಾಲ್ತಿಯಲ್ಲಿದೆ. ಕಪ್ಪು ನೀರಿನ ಮೇಲೆ ಕಪ್ಪು ಹಕ್ಕಿ ಕಾಣುವುದಿಲ್ಲ, ಆದ್ದರಿಂದ ಮೀನು ಕದಿಯುವುದು ಸುಲಭ ಅಂತ. ಕೇಳುವುದಕ್ಕೆ ಚೆಂದ. ಆದರೆ ಇಂಥ ಚೆಂದದ ಕಥೆಗಳ ಮೇಲೆ ನನಗೆ ಸ್ವಲ್ಪ ಅನುಮಾನ. ಬಣ್ಣ ಕಂಡ ಕೂಡಲೇ ಅದಕ್ಕೊಂದು ಉಪಯೋಗ ಹೊಂದಿಸಿಬಿಡುವುದು ನಮ್ಮ ಚಟ.

ಫುಲ್ಮಾರ್ ಹಕ್ಕಿಯನ್ನು ನೋಡಿ. ಅದಕ್ಕೂ ಎರಡು ಅಂಗಿ. ಅಟ್ಲಾಂಟಿಕ್‌ನಲ್ಲಿ ಬ್ರಿಟನ್, ಐಸ್‌ಲೆಂಡ್ ಕಡೆ ಹೆಚ್ಚುಕಡಿಮೆ ಎಲ್ಲವೂ ಬೆಳ್ಳಗೆ. ಉತ್ತರಕ್ಕೆ ಸ್ವಾಲ್ಬಾರ್ಡ್ ಕಡೆ ಹೋದರೆ ಕಡುಬೂದಿಯವೇ ಜಾಸ್ತಿ. ಚಳಿಗೆ ಕಡುಬಣ್ಣ ಒಳ್ಳೆಯದು, ಬಿಸಿಲು ಹೀರುತ್ತದೆ ಅಂತ ಕಾರಣ ಕೊಡಬಹುದು. ಈಗ ಪೆಸಿಫಿಕ್‌ಗೆ ಬನ್ನಿ. ಅಲ್ಲಿ ದಕ್ಷಿಣದ ಅಲ್ಯೂಷಿಯನ್ ದ್ವೀಪಗಳಲ್ಲಿ ಕಡುಬಣ್ಣ, ಉತ್ತರದ ಬೇರಿಂಗ್ ಸಮುದ್ರದಲ್ಲಿ ಬಿಳಿ. ಪೂರ್ತಿ ತಿರುಗಾಮುರುಗಾ! ಅದೇ ಹಕ್ಕಿ, ಅದೇ ಚಳಿ. ನಮ್ಮ ಕಾರಣ ಅಲ್ಲೇ ನೀರಿಗೆ ಬಿತ್ತು.

ಗಿಲೆಮಾಟ್ ಅನ್ನುವ ಕಡಲಹಕ್ಕಿಯ ಆಟ ಇನ್ನೂ ಸಣ್ಣದು. ಮೇಲೆ ಕಪ್ಪುಕಂದು, ಹೊಟ್ಟೆ ಬಿಳಿ. ಆದರೆ ಕೆಲವಕ್ಕೆ ಮಾತ್ರ ಕಣ್ಣಿನ ಸುತ್ತ ಬಿಳಿ ಉಂಗುರ, ಅಲ್ಲಿಂದ ಹಿಂದಕ್ಕೆ ಒಂದು ಬಿಳಿ ಗೆರೆ. ಥೇಟ್ ಕನ್ನಡಕ ಹಾಕಿದ ಹಾಗೆ. ಈ ಕನ್ನಡಕದ ಬಗೆ ಪೆಸಿಫಿಕ್‌ನಲ್ಲಿ ಇಲ್ಲವೇ ಇಲ್ಲ. ಅಟ್ಲಾಂಟಿಕ್‌ನಲ್ಲಿ ದಕ್ಷಿಣದ ಕಡೆ ನೂರಕ್ಕೆ ಒಂದು ಸಿಗುವುದೂ ಕಷ್ಟ, ಉತ್ತರದ ಬೇರ್ ದ್ವೀಪದಲ್ಲಿ ಅರ್ಧಕ್ಕರ್ಧ. 1930ರ ದಶಕದ ಕೊನೆಯಿಂದ ಇವನ್ನು ಊರೂರು ಸುತ್ತಿ ಎಣಿಸಿದವರ ಹೆಸರು ಸದರ್ನ್. ಅಂದರೆ ದಕ್ಷಿಣದವರು! ಐಸ್‌ಲೆಂಡ್‌ನಲ್ಲಿ ಮಾತ್ರ ಲೆಕ್ಕ ಉಲ್ಟಾ, ದಕ್ಷಿಣ ತೀರದಲ್ಲಿ ಜಾಸ್ತಿ, ಉತ್ತರದಲ್ಲಿ ಕಡಿಮೆ. ಕನ್ನಡಕ ಬರಬೇಕಾದರೆ ಅಪ್ಪ ಅಮ್ಮ ಇಬ್ಬರಿಂದಲೂ ಆ ಜೀನ್ ಬರಬೇಕು. ಹಾಗಾಗಿ ಕನ್ನಡಕವಿಲ್ಲದ ಜೋಡಿಗೂ ಕನ್ನಡಕದ ಮರಿ ಹುಟ್ಟಬಹುದು.

ಕಣ್ಣಿನ ಸುತ್ತ ಒಂದು ಗೆರೆ ಇದ್ದರೆ ಏನು ಮಹಾ ಉಪಯೋಗ? ಬಹುಶಃ ಗೆರೆಗೇ ಏನೂ ಇಲ್ಲ. ನಾರ್ವೆಯ ಹೋರ್ನ್‌ಯೋಯಾ ದ್ವೀಪದಲ್ಲಿ ಹಕ್ಕಿಗಳ ಕಾಲಿಗೆ ಗುರುತಿನ ಉಂಗುರ ತೊಡಿಸಿ ವರ್ಷಗಟ್ಟಲೆ ನೋಡಿದಾಗ, ಚಳಿಗಾಲದ ಕಡಲು ಬೆಚ್ಚಗಾದ ವರ್ಷಗಳಲ್ಲಿ ಕನ್ನಡಕದವು ಕಡಿಮೆ ಉಳಿದವು. ಕನ್ನಡಕ ಇಲ್ಲದವುಗಳಿಗೆ ಆ ತೊಂದರೆ ಆಗಲಿಲ್ಲ. ನಮಗೆ ಕಾಣುವುದು ಗೆರೆ. ಅದರ ಜೊತೆ ಒಂದೇ ಕಟ್ಟಿನಲ್ಲಿ ಬರುವ, ಕಣ್ಣಿಗೆ ಕಾಣದ ಬೇರೇನೋ ಗುಣ ಚಳಿಯ ಲೆಕ್ಕ ನೋಡಿಕೊಳ್ಳುತ್ತಿರಬಹುದು.

ಮತ್ತೆ ಸ್ಕೂವಾಗೆ ಬರುತ್ತೇನೆ. ಸ್ಕಾಟ್ಲೆಂಡಿನ 33 ಕಡೆ ಇವುಗಳನ್ನು ಎಣಿಸಿದ್ದಾರೆ. 1992ರಿಂದ 2015ರ ಒಳಗೆ ನೂರಕ್ಕೆ 81ರಷ್ಟು ಕಡಿಮೆಯಾಗಿದ್ದವು. ಕದಿಯೋಣ ಅಂದರೆ ಕದಿಯಿಸಿಕೊಳ್ಳುವ ಹಕ್ಕಿಗಳಿಗೇ ಮೀನು ಸಿಗುತ್ತಿಲ್ಲ. ಜೊತೆಗೆ ತಮಗಿಂತ ದೊಡ್ಡ ಗ್ರೇಟ್ ಸ್ಕೂವಾಗಳು ಮರಿಗಳನ್ನು ಹಿಡಿದು ತಿನ್ನುತ್ತವೆ. ಇದರಲ್ಲಿ ಬಣ್ಣದ ಪಾತ್ರ ಏನೂ ಇಲ್ಲ. ಆದರೆ ಕಪ್ಪು ಜಾಸ್ತಿ ಇರುವುದು ಇದೇ ದಕ್ಷಿಣದ ಅಂಚಿನಲ್ಲಿ. ಬೇಗ ಜೋಡಿ ಹುಡುಕಿಕೊಳ್ಳುತ್ತಿದ್ದ ಆ ಕಪ್ಪು ಗಂಡುಗಳು ಈಗ ಬಯಲಿಗೆ ಬಂದು ಇಳಿದರೆ, ಪಕ್ಕದ ಜಾಗಗಳು ಖಾಲಿ ಇರುತ್ತವೆ.

ನಮಸ್ಕಾರ.