ಹಣ್ಣಿನ ಬಿಯರ್ ಸಿಹಿ ಇರಲೇಬೇಕಾ? ದಾಳಿಂಬೆ ಸೋಡಾ ಬಾಟಲಿ ಯಾಕೆ ಸಿಡಿಯುತ್ತದೆ?

[ದೃಶ್ಯ: ಬಿಡಿಸಿದ ದಾಳಿಂಬೆ, ಶುಂಠಿ, ಖಾಲಿ ಸೋಡಾ ಬಾಟಲಿ]

ನಮಸ್ಕಾರ. ಅಂಗಡಿಯಲ್ಲಿ ‘ಫ್ರೂಟ್ ಬಿಯರ್’ ಅಂತ ಸಿಗುವ ಸಿಹಿ ಪಾನೀಯವನ್ನು ಸ್ವಲ್ಪ ಪಕ್ಕಕ್ಕಿಡಿ. ಬೆಲ್ಜಿಯಂನ ಬ್ರಸೆಲ್ಸ್ ಸುತ್ತಮುತ್ತ ಲ್ಯಾಂಬಿಕ್ ಅನ್ನುವ ಹುಳಿ ಬಿಯರ್ ಇದೆ. ಅದರಲ್ಲಿ ಹುಳಿ ಚೆರಿ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಹೆಸರು ಕ್ರೀಕ್. ಹಳೇ ಪದ್ಧತಿಯಲ್ಲಿ ಮಾಡಿದ ಕ್ರೀಕ್ ಸಿಹಿ ಇರುವುದಿಲ್ಲ. ಚೆರಿಯ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮುಗಿಸಿರುತ್ತದೆ. ಉಳಿಯುವುದು ಬಣ್ಣ, ಘಮ, ಹುಳಿ.

ಮನೆಯಲ್ಲಿ ಮಾಡಬಹುದಾ? ಬಿಯರ್ ಅಂತೂ ಬೇಡ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅದೇ ಯೀಸ್ಟನ್ನು ಶುರುವಿನಲ್ಲೇ ತಡೆದು ಸೋಡಾ ಮಾಡೋಣ.

[ದೃಶ್ಯ: ಗಾಜಿನ ಭರಣಿಯಲ್ಲಿ ಗುಳ್ಳೆ ಏಳುತ್ತಿರುವುದು]

ಇದು ಜಿಂಜರ್ ಬಗ್, ಅಂದರೆ ಶುಂಠಿಯಿಂದ ಮಾಡುವ ಯೀಸ್ಟಿನ ಹೆಪ್ಪು. ಎರಡು ಲೋಟ ನೀರು. ದಿನಾ ಒಂದು ಚಮಚ ತುರಿದ ಶುಂಠಿ, ಒಂದು ಚಮಚ ಸಕ್ಕರೆ. ಸಿಪ್ಪೆ ತೆಗೆಯಬೇಡಿ, ಯೀಸ್ಟ್ ಇರುವುದೇ ಅಲ್ಲಿ. ನಲ್ಲಿ ನೀರಾದರೆ ಕುದಿಸಿ ಆರಿಸಿ, ಕ್ಲೋರಿನ್ ಹೋಗಲಿ. ಬಾಯಿಗೆ ಬಟ್ಟೆ ಕಟ್ಟಿಡಿ. ಬೇರೆ ಕಡೆಯ ರೆಸಿಪಿಗಳಲ್ಲಿ ಐದಾರು ದಿನ ಅಂತಾರೆ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಅಷ್ಟು ಬೇಕಾಗುವುದಿಲ್ಲ. ದೋಸೆ ಹಿಟ್ಟು ಎಷ್ಟು ಬೇಗ ಉಕ್ಕುತ್ತದೆ ನೋಡಿದ್ದೀರಲ್ವಾ? ಬೂಷ್ಟು ಬಂದರೆ ಮಾತ್ರ ಪೂರ್ತಿ ಚೆಲ್ಲಿ.

ಈಗ ಹಣ್ಣು. ಹಿರಿಯೂರು, ಹೊಸದುರ್ಗದ ಕಡೆ ದಾಳಿಂಬೆ ತೋಟಗಳಿಗೆ ಬರವಿಲ್ಲ. ಕಾಳುಗಳನ್ನು ಮಿಕ್ಸಿಯಲ್ಲಿ ಒಂದೆರಡು ಸಲ ತಿರುಗಿಸಿ, ಸೋಸಿ. ಬೀಜ ನುಣ್ಣಗಾದರೆ ಒಗರು, ಒಳಗಿನ ಬಿಳಿ ಪೊರೆ ಸೇರಿದರೆ ಕಹಿ.

[ದೃಶ್ಯ: ಬಾಟಲಿಗೆ ರಸ ಸುರಿಯುವುದು]

ಲೀಟರ್ ರಸಕ್ಕೆ ಅರ್ಧ ಲೋಟ ಬಗ್‌ನ ನೀರು ಸೋಸಿ ಹಾಕಿ, ಮುಚ್ಚಿ. ಇಲ್ಲೇ ಎಚ್ಚರ ಬೇಕು. ಯೀಸ್ಟ್ ತಿಂದ ಸಕ್ಕರೆಯಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಅರ್ಧ ಆಲ್ಕೋಹಾಲ್ ಆಗುತ್ತದೆ, ಇನ್ನರ್ಧ ಇಂಗಾಲದ ಡೈಆಕ್ಸೈಡ್. 4 ಗ್ರಾಂ ಸಕ್ಕರೆ ಹೋದರೆ ಹತ್ತಿರ ಹತ್ತಿರ 1 ಲೀಟರ್ ಗ್ಯಾಸ್. ಒಂದು ಲೀಟರ್ ಸೋಡಾಕ್ಕೆ ಬೇಕಾದದ್ದು ಮೂರೋ ನಾಲ್ಕೋ ಲೀಟರ್ ಗ್ಯಾಸ್. ಲೀಟರ್ ರಸದಲ್ಲಿ 140 ಗ್ರಾಂ ಸಕ್ಕರೆ ಇದೆ ಅಂದುಕೊಳ್ಳಿ. ಪೂರ್ತಿ ಹುದುಗಿದರೆ 35 ಲೀಟರ್! ಯಾವ ಬಾಟಲಿ ತಡೆಯುತ್ತದೆ ಹೇಳಿ?

ಅದಕ್ಕೇ ಗಾಜಿನ ಬಾಟಲಿ ಬೇಡವೇ ಬೇಡ. ಕೂಲ್‌ಡ್ರಿಂಕ್ಸ್ ಬರುವ ಪ್ಲಾಸ್ಟಿಕ್ ಬಾಟಲಿ ತೊಳೆದಿಟ್ಟುಕೊಳ್ಳಿ. ಮೇಲೆ ನಾಲ್ಕು ಬೆರಳು ಖಾಲಿ ಬಿಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒತ್ತಿ ನೋಡಿ. ಬಾಟಲಿ ಗಟ್ಟಿಯಾಯ್ತಾ? ತಕ್ಷಣ ಫ್ರಿಜ್ಜಿಗೆ. ಗಡಿಯಾರಕ್ಕಿಂತ ಬೆರಳನ್ನು ನಂಬಿ. ಫ್ರಿಜ್ಜಿನಲ್ಲೂ ಯೀಸ್ಟ್ ಸಾಯುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ಎರಡು ಮೂರು ದಿನದಲ್ಲಿ ಕುಡಿದು ಮುಗಿಸಿ.

ಇನ್ನೊಂದು ಮಾತು. ಲೀಟರಿಗೆ 8 ಗ್ರಾಂ ಸಕ್ಕರೆ ಹುದುಗಿದರೂ ಹತ್ತಿರ ಹತ್ತಿರ ಶೇ. 0.5 ಆಲ್ಕೋಹಾಲ್ ಬರುತ್ತದೆ, ಬಿಟ್ಟರೆ ಏರುತ್ತಾ ಹೋಗುತ್ತದೆ. ಮಕ್ಕಳಿಗೆ, ಗರ್ಭಿಣಿಯರಿಗೆ, ಮದ್ಯ ಮುಟ್ಟದವರಿಗೆ ಕೊಡಬೇಡಿ.

[ದೃಶ್ಯ: ಲೋಟದಲ್ಲಿ ಕೆಂಪು ನೊರೆ, ಪಕ್ಕದಲ್ಲಿ ಮಂಡಕ್ಕಿ ಮಿರ್ಚಿ]

ಮಿರ್ಚಿಯ ಖಾರಕ್ಕೆ ಈ ಹುಳಿ ಚೆನ್ನಾಗಿ ಹೊಂದುತ್ತದೆ. ನೇರಳೆ ಹಣ್ಣಿನ ಒಗರು ನನಗಂತೂ ದಾಳಿಂಬೆಗಿಂತ ಇಷ್ಟ. ಅನಾನಸ್ ಸಿಪ್ಪೆಗೆ ಬಗ್ಗೂ ಬೇಡ: ಬೆಲ್ಲದ ನೀರಲ್ಲಿ ಎರಡು ದಿನ ಬಿಟ್ಟರೆ ಸಾಕು. ಮಾವಿನ ತಿರುಳಿನದು ನೊರೆ ಜಾಸ್ತಿ, ಸಿಂಕಿನಲ್ಲಿಟ್ಟು ಮುಚ್ಚಳ ತೆಗೆಯಿರಿ. ಕಲ್ಲಂಗಡಿ ಬಿಡಿ. ಅದರಲ್ಲಿ ಹುಳಿಯೇ ಇಲ್ಲ, ಹುದುಗಿದ ಮೇಲೆ ಸಪ್ಪೆ ನೀರು.